ಫಿಟ್, ಸರ್!

ಮಾರ್ಚ್ 3, ಬೆಳಿಗ್ಗೆ

ಮತ್ತೆ ನಲ್ಲಿ ನಿಲ್ಲಿಸಲು ಮರೆತೆ. ಮರೆತದ್ದಲ್ಲ — ನೀರು ಸುರಿಯುವ ಸದ್ದೇ ಕೇಳಿಸಲಿಲ್ಲ. ಬಚ್ಚಲು ತುಂಬಿ ಹಾಲ್‌ವರೆಗೂ ಬಂತು. ಹೆಂಡತಿ ಒರೆಸುವ ಬಟ್ಟೆ ಹಿಂಡುತ್ತಾ ಏನೋ ಅಂದಳು. ತಲೆಯಾಡಿಸಿದೆ. ಬೈಗುಳವೇ ಇರಬೇಕು.

ಅಂಗವೈಕಲ್ಯ ಪಿಂಚಣಿಗೆ ಇದು ಎರಡನೇ ಅರ್ಜಿ. ಮೊದಲನೆಯದು ವಾಪಸ್ — 'ಸೇವೆಯಲ್ಲಿದ್ದಾಗ ಕಿವಿಯ ತೊಂದರೆ ದಾಖಲಾಗಿಲ್ಲ.' ಹೇಗೆ ದಾಖಲಾಗುತ್ತದೆ? ಸೈನ್ಯದಲ್ಲಿದ್ದಷ್ಟು ದಿನವೂ ಫಿರಂಗಿಯ ಪಕ್ಕ. ಒಬ್ಬ ಆಸ್ಪತ್ರೆಗೆ ಹೋದರೆ ಅವನ ಭಾರ ಉಳಿದವರ ಮೇಲೆ. ಹಾಗಾಗಿ ಪ್ರತಿ ತಪಾಸಣೆಯಲ್ಲೂ ಎದೆ ಸೆಟೆಸಿ ಒಂದೇ ಉತ್ತರ — ಫಿಟ್, ಸರ್!

ಗೋಡೌನಿನ ವಾಚ್‌ಮನ್ ಕೆಲಸವೂ ಹೋದ ತಿಂಗಳು ಹೋಯಿತು. ರಿವರ್ಸ್ ಬರುತ್ತಿದ್ದ ಲಾರಿಯ ಹಾರ್ನ್ ಕೇಳಿಸಲಿಲ್ಲ. ಈ ಅರ್ಜಿಯೂ ಕೈಕೊಟ್ಟರೆ... ಬೇಡ.

ಮಾರ್ಚ್ 9

ಮಗಳು ಬಂದಿದ್ದಳು, ಕೂಸನ್ನು ಸೊಂಟಕ್ಕೇರಿಸಿಕೊಂಡು. ಮೆಡಿಕಲ್ ಬೋರ್ಡಿನ ಮುಂದೆ ಹೇಗೆ ಮಾತಾಡಬೇಕೆಂದು ನನಗೆ ತಾಲೀಮು. ಡಾಕ್ಟರ್ ಪಾತ್ರ ಅವಳದೇ.

"ಹೇಗಿದೀರಿ?"

"ಫಸ್ಟ್ ಕ್ಲಾಸ್."

"ಅಪ್ಪಾ! ಹಾಗಂದ್ರೆ ಮತ್ತೆ ವಾಪಸ್ಸೇ. ಕಷ್ಟ ಹೇಳಿ, ಕಷ್ಟ."

"ಅದನ್ನೆಲ್ಲ ಕಂಡವರ ಮುಂದೆ ಹೇಳ್ಕೊಳ್ಳೋಕಾಗುತ್ತೇನೇ?"

"ಹೇಳ್ಕೊಳ್ಳೋಕೇ ಅಲ್ವಾ ಅಲ್ಲಿಗೆ ಹೋಗ್ತಿರೋದು?"

ಕೂಸನ್ನು ಎತ್ತಿಕೊಂಡು ಅಂಗಳಕ್ಕೆ ಹೊರಟುಬಿಟ್ಟೆ.

ಮಾರ್ಚ್ 22

ಕುಳ್ಳನ ಸಾಕ್ಷಿ ಹೇಳಿಕೆ ಅಂಚೆಯಲ್ಲಿ ಬಂತು. ನಮ್ಮ ಫಿರಂಗಿಗೆ ಗುಂಡು ತುಂಬುತ್ತಿದ್ದವನು. 'ಒಂದು ದಿನ ಫಿರಂಗಿ ಹಾರಿಸುವಾಗ ಇವನ ಬಲಗಿವಿಯಿಂದ ರಕ್ತ ಬಂತು. ತೋಳಿನಿಂದ ಒರೆಸಿಕೊಂಡು ಮತ್ತೆ ನಿಂತ.' ಪುಣ್ಯಾತ್ಮ, ಮರೆತಿಲ್ಲ. ಕಿವಿ ಪರೀಕ್ಷೆಯ ರಿಪೋರ್ಟನ್ನೂ ಸೇರಿಸಿ ಕಳಿಸಿದೆ. ಇಷ್ಟು ಸಾಕಾ, ಇಷ್ಟು ಸಾಕಾ ಎಂದು ಹೆಂಡತಿಯ ತಲೆ ತಿಂದೆ.

ಏಪ್ರಿಲ್ 16, ಸಂಜೆ

ಮೆಡಿಕಲ್ ಬೋರ್ಡ್. ಎಲ್ಲ ಎಕ್ಕುಟ್ಟಿಹೋಯಿತು ಅಂದುಕೊಂಡೆ.

ಯೂನಿಫಾರ್ಮಿನ ಡಾಕ್ಟರಮ್ಮ ಒಳಗೆ ಬಂದದ್ದೇ ತಡ, ಕಾಲು ತಾನಾಗಿ ಅಟೆನ್ಷನ್. ಮುಖ ನೋಡಿ "ಹೇಗಿದೀರಿ?" ಅಂದರು.

"ಫಿಟ್, ಸರ್!"

ರೂಮೇ ಅದುರಿತು. ಹೆಂಡತಿ ಹಣೆ ಚಚ್ಚಿಕೊಂಡಳು.

ಡಾಕ್ಟರಮ್ಮ ನಗಲಿಲ್ಲ. ನನಗೆ ಬೆನ್ನು ಹಾಕಿ ಕೈ ತೊಳೆಯುತ್ತಾ ನಿಂತರು. ಮಾತಾಡುತ್ತಿದ್ದಾರೋ ಇಲ್ಲವೋ... ಯಾವುದಕ್ಕೂ ಇರಲಿ ಎಂದು "ಯೆಸ್, ಸರ್" ಅಂದೆ. ಸ್ವಲ್ಪ ಬಿಟ್ಟು ಇನ್ನೊಂದು ಸಲ. ಹೆಂಡತಿ ತೋಳು ಹಿಡಿದೆಳೆದಳು.

"ರೀ, ನಿಮ್ಮ ಹೆಸರೇನು ಅಂತ ಕೇಳ್ತಿದಾರೆ."

ಡಾಕ್ಟರಮ್ಮ ತಿರುಗಿ, ತುಟಿ ಕಾಣುವಂತೆ, ನಿಧಾನವಾಗಿ ಕೇಳಿದರು. "ಎಷ್ಟು ವರ್ಷದಿಂದ ಹೀಗೆ ಸಂಭಾಳಿಸ್ತಿದೀರಿ?"

ಅತ್ತುಬಿಟ್ಟೆ. ಹೆಂಡತಿಯೇ ಎಲ್ಲ ಹೇಳಿದಳು. ಅವರು ಬರೆದುಕೊಳ್ಳುತ್ತಲೇ ಇದ್ದರು.

ಜೂನ್ 11

ಮಂಜೂರು! ಪಿಂಚಣಿ ಬರುತ್ತದೆ. ಹೆಂಡತಿ ಓದಿ ಓದಿ ಕಣ್ಣೊರೆಸಿಕೊಂಡಳು.

ನಾನೂ ಓದಿದೆ. ಬಲಗಿವಿ ಪೂರ್ತಿ ಹೋಗಿದೆ. ಎಡಗಿವಿಯೂ ಇಳಿಯುತ್ತಾ ಹೋಗುತ್ತದೆ. 'ಶಾಶ್ವತ.' ಈ ಪದ ಬರೆಸಿಕೊಳ್ಳಲೆಂದೇ ಇಷ್ಟು ಒದ್ದಾಡಿದ್ದು. ಆದರೂ ಅದನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡು ಮಿಕ್ಕದ್ದನ್ನು ಓದಿದೆ.

ಅದೇ ದಿನ, ಸಂಜೆ

ಸುದ್ದಿ ಹೇಳಲು ಮಗಳಿಗೆ ಫೋನ್ ಮಾಡಿದೆವು. ಅಲ್ಲಿಯೂ ಸುದ್ದಿ — ಕೂಸು ಇವತ್ತು ಮೊದಲ ಮಾತಾಡಿದೆಯಂತೆ. ಫೋನನ್ನು ಅದರ ಬಾಯಿಗೆ ಹಿಡಿದಳು. ನಾನು ಎಡಗಿವಿಗೆ ಒತ್ತಿಕೊಂಡೆ. ಬರೀ ಗುಂಯ್. ಹೆಂಡತಿ ಸ್ಪೀಕರ್ ಹಾಕಿದಳು. ಅವಳ ಮುಖ ಅರಳಿತು. ನನ್ನನ್ನು ನೋಡಿದಳು.

"ನನಗೆ ಕೇಳಿಸ್ಲಿಲ್ಲ ಕಣೇ. ಏನಂತು?"

ಹತ್ತಿರ ಬಂದಳು. ನನ್ನ ಎಡಗಿವಿಗೆ ಬಾಯಿಟ್ಟು, ಮಗುವಿನ ಹಾಗೆಯೇ ತೊದಲುತ್ತಾ, "ತಾ... ತಾ" ಅಂದಳು.