ಪಟ್ಟಾ ಇಲ್ಲದ ಯಂತ್ರ

ಅಸಂಗಿ, ತಾ. ಜತ್ತ
೧೪ ಜುಲೈ ೨೦೨೪

ಪ್ರೀತಿಯ ಶಿವಶರಣ ಅಣ್ಣಾ,

ಜೈಸಲ್ಮೇರದ ಬಿಸಿಲಿಗೆ ನಿನ್ನ ಮೂಗಿನಿಂದ ರಕ್ತ ಬರುವುದು ನಿಂತಿತೇ? ಅವ್ವ ದಿನಾ ಕೇಳುತ್ತಾಳೆ. ನಾವಿಬ್ಬರೂ ಆರಾಮ. ಫೋನಿನಲ್ಲಿ ನೀನು ಎರಡನೇ ಮಾತಿಗೇ "ಡ್ಯೂಟಿ ಐತಿ, ಇಡ್ತೀನಿ" ಎನ್ನುತ್ತೀ. ಅದಕ್ಕೇ ಈ ಪತ್ರ. ಇದನ್ನು ನಡುವೆ ಕಟ್ ಮಾಡಲು ಬರುವುದಿಲ್ಲ.

ಅಪ್ಪನ ರೆಕಾರ್ಡ್ ಪ್ಲೇಯರನ್ನು ಒಯ್ಯಿರಿ ಎಂದು ದುಂಡಪ್ಪ ಕಾಕಾಗೆ ನೀನು ಯಾರನ್ನು ಕೇಳಿ ಹೇಳಿದೆ? ಅಪ್ಪ ತೀರಿ ವರ್ಷ ತುಂಬಿಲ್ಲ. ನಿನ್ನೆ ಕಾಕಾ ಗಿರಣಿಯಿಂದ ಹಿಟ್ಟಿನ ಕೈಯಲ್ಲೇ ಬಂದು, ರೆಕಾರ್ಡ್ ತಿರುಗುವ ತಟ್ಟೆ ಎತ್ತಿ ಒಳಗೆ ಬಗ್ಗಿ ನೋಡಿದರು. "ಇದರ ಪಟ್ಟಾ, ಬೆಲ್ಟ ಎಲ್ಲೈತಿ? ಪಟ್ಟಾ ಇಲ್ದ ಹ್ಯಾಂಗ ತಿರಗತೈತಿ? ಕೆಟ್ಟ ಹೋಗೇತಿ. ನಾ ಒಂದು ಹಾಕಿ ಗಿರಣ್ಯಾಗ ಇಡ್ತೀನಿ" ಎಂದರು. ಅಷ್ಟಕ್ಕೇ ಬಿಡಲಿಲ್ಲ. ಅವ್ವನ ಹೊಲಿಗೆ ಮಷೀನಿನ ಪಟ್ಟಾ ಬಿಚ್ಚಿ ತಟ್ಟೆಗೆ ಸುತ್ತಲು ಹೋದರು. ತಡೆದರೆ, "ನಿನಗೇನ ತಿಳೀತೈತಿ, ಸುಮ್ನ ಕುಂದರ" ಎಂದು ನನಗೇ ಗದರಿದರು.

ನನಗೆ ತಿಳಿಯುತ್ತದೆ ಅಣ್ಣಾ. ಅದು ಡೈರೆಕ್ಟ್ ಡ್ರೈವ್. ತಟ್ಟೆ ಮೋಟಾರಿನ ಮೇಲೆಯೇ ಕೂರುತ್ತದೆ. ಅದನ್ನು ಮಾಡಿದ ಜಪಾನಿನವರು ಪಟ್ಟಾ ಹಾಕಲು ಮರೆತಿರಲಿಲ್ಲ. ಮಿರಜಿನ ಡಾಕ್ಟರರ ಮನೆಯಿಂದ ಅಪ್ಪ ಅದನ್ನು ಎಸ್‌ಟಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದದ್ದು ನಿನಗೆ ಗೊತ್ತು. ಕೊನೆಯ ಎರಡು ವರ್ಷ ಅದನ್ನು ನಡೆಸಿದವರು ಯಾರೆಂದು ಮಾತ್ರ ನಿನಗೆ ಗೊತ್ತಿಲ್ಲ. ಅಪ್ಪನ ಕಣ್ಣು ಮಂಜಾಗಿತ್ತು. ಸುಟ್ಟ ಕೆಪಾಸಿಟರ್ ಕಿತ್ತು ಹೊಸದು ಬೆಸೆದವಳು ನಾನು. ತಿರುಗುವಾಗ ತಟ್ಟೆಯ ಅಂಚಿನ ಚುಕ್ಕಿಗಳು ಕೆಂಪು ದೀಪದಲ್ಲಿ ನಿಂತಂತೆ ಕಂಡರೆ ವೇಗ ಸರಿ ಎಂದರ್ಥ. ಅಪ್ಪ ಪಕ್ಕದಲ್ಲಿ ಕೂತು "ನಿಂತಾವೇನ ಶೈಲಾ?" ಎಂದು ಕೇಳುತ್ತಿದ್ದರು. "ನಿಂತಾವ" ಎಂದರೆ ಮುಖ ಅರಳುತ್ತಿತ್ತು. ನಿನಗೆ ಮಾತ್ರ ಫೋನಿನಲ್ಲಿ "ನಾನ ರಿಪೇರಿ ಮಾಡೀನಿ" ಎಂದರು. ನಾನೂ ಬಾಯಿ ಮುಚ್ಚಿಕೊಂಡಿದ್ದೆ. ಅದೇ ನನ್ನ ತಪ್ಪು. ಈಗ ನೀನು ಕಾಕಾಗೆ "ಗಂಡಸರ ಸಾಮಾನ, ಮನ್ಯಾಗ ಹಚ್ಚವರು ಯಾರೂ ಇಲ್ಲ" ಎಂದೆಯಂತೆ. ಈ ಮನೆಯಲ್ಲಿ ನಾನು ಯಾರೂ ಅಲ್ಲವೇ?

ನೀರು ಚೆನ್ನಾಗಿ ಕುಡಿ. ಸಿಟ್ಟು ಎಷ್ಟೇ ಇರಲಿ, ಗುಡ್ಡಾಪುರದ ದಾನಮ್ಮನಿಗೆ ನಿನ್ನ ಹೆಸರಿನಲ್ಲಿ ಕೈ ಮುಗಿಯುವುದನ್ನು ಬಿಟ್ಟಿಲ್ಲ.

ನಿನ್ನ ತಂಗಿ,
ಶೈಲಾ

ತಾ.ಕ.: ಈ ಪತ್ರ ಮುಟ್ಟುವಷ್ಟರಲ್ಲಿ ಕಾಕಾ ಟೆಂಪೋ ತಂದು ಯಂತ್ರ ಒಯ್ದಿರುತ್ತಾರೆ. ಒಯ್ಯಲಿ. ತಟ್ಟೆ ಕಳಚಿ ಟ್ರಂಕಿನಲ್ಲಿಟ್ಟಿದ್ದೇನೆ. ಮೋಟಾರಿನ ಅಯಸ್ಕಾಂತ ಅದರ ತಳದಲ್ಲೇ ಇದೆ, ಅದಿಲ್ಲದೆ ಅವರಿಗೆ ಸಿಗುವುದು ಬರೀ ಪೆಟ್ಟಿಗೆ. "ಅದು ಶೈಲಾಂದು, ತಿರುಗಿ ಕೊಡ್ರಿ" ಎಂದು ನೀನೇ ಫೋನ್ ಮಾಡಿ ಹೇಳಬೇಕು. ಟ್ರಂಕಿನ ಕೀಲಿಯನ್ನು ನನ್ನ ಹತ್ತಿರ ಕೇಳಬೇಡ. ಅವ್ವ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಾಳೆ.