ಟೊಳ್ಳು ಹಿತ್ತಾಳೆ

ಗುರುವಾರ, ಬೆಳಿಗ್ಗೆ

ಮುದ್ದಿನ ತಮ್ಮನಿಗೆ,

ಹೇಗಿದ್ದೀಯ? ಟೀಚರಮ್ಮನ ಮಂಡಿನೋವು ಇಳಿಯಿತೇ? ಹೆಂಡತಿಯ ವಿಷಯ ಕೇಳಿದರೆ ನೀನು ‘ಪರವಾಗಿಲ್ಲ’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತೀಯ. ಅವಳನ್ನೇ ಕೇಳಿ ಬರೆ. ನಿಮ್ಮ ಮಗಳು, ನಮ್ಮ ಕಿಡಿ, ಅವಳ ಕೆಮ್ಮು ನಿಂತಿತೇ? ಗೇಟು ಮೇಸ್ತ್ರಿ ಈಗಲೂ ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡೇ ನಮ್ಮ ವೆಲ್ಡಿಂಗ್ ಅಂಗಡಿಯೆಲ್ಲ ಹುಡುಕುತ್ತಾನೋ? ನಾನು ಚೆನ್ನಾಗಿದ್ದೇನೆ. ಕಣ್ಣಿನ ಡಾಕ್ಟರು ಬೈಯುವುದನ್ನು ಬಿಟ್ಟಿದ್ದಾರೆ, ಅದೊಂದು ಪುಣ್ಯ.

ನಿನ್ನೆ ಫೋನಿನಲ್ಲಿ, ನಾನು ಬರುವವರೆಗೆ ಯಾರೂ ಗ್ಯಾಸ್ ಟಾರ್ಚ್ ಹಚ್ಚಕೂಡದು ಎಂದೆ. “ವಯಸ್ಸಾಯ್ತು ಕಣಕ್ಕಾ ನಿಂಗೆ, ಸುಮ್‌ಸುಮ್ನೆ ಹೆದರ್ತೀಯ” ಎಂದು ನೀನು ನಕ್ಕೆ. ಕಾರಣ ಹೇಳಲು ಮೂರು ಸಲ ಬಾಯಿ ತೆರೆದೆ. ನಿನ್ನ ನಗು ಕೇಳಿ ಫೋನಿಟ್ಟುಬಿಟ್ಟೆ. ಅದಕ್ಕೇ ಬರೆದು ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೇನೆ. ಕೂತು ಓದು.

ಸೋಮವಾರದಿಂದ ಕಿಡಿಯ ಕೈಗೆ ಟಾರ್ಚ್ ಕೊಡುತ್ತೇನೆ, ಹೆದರಬೇಡ, ನನ್ನ ಜೀವ ಉಳಿಸಿದ ಅರೆಸ್ಟರ್‌ಗಳೇ ಇವೆ ಎಂದು ನೀನು ಹೋದ ವಾರ ಬರೆದಿದ್ದೆ. ಅದೇ ಲಕೋಟೆಯಲ್ಲಿ ಅವಳ ಚೀಟಿಯೂ ಇತ್ತು. ಉರಿ ಪೈಪಿನೊಳಗೆ ಹಿಂದಕ್ಕೆ ಓಡಿದರೆ ತಡೆಯುವ ಆ ಹಿತ್ತಾಳೆಯ ಸಾಧನ ಹಾಕಿದ ಮೇಲೆ, ಅವಳ ತರಬೇತಿ ಶಾಲೆಯಲ್ಲಿ ದೊಡ್ಡ ನಾಝಲ್ಲಿನ ಉರಿ ಸ್ವಲ್ಪ ಬಡವಾಗುತ್ತದಂತೆ. “ನಮ್ಮಂಗಡೀಲಿ ಅಪ್ಪ ಹಚ್ಚಿದ್ರೆ ಒಂಚೂರೂ ಇಳಿಯಲ್ಲ. ಯಾಕತ್ತೆ?” ಎಂದು ಕೇಳಿದ್ದಾಳೆ.

ಯಾಕೆಂದರೆ ಅವುಗಳ ಒಳಗೆ ಏನೂ ಇಲ್ಲ.

ಎರಡನ್ನೂ ಟೊಳ್ಳು ಮಾಡಿದವಳು ನಾನು. ಸೇತುವೆಯ ಕಂಬಿಗಳನ್ನು ಕಾಯಿಸಿ ಬಗ್ಗಿಸುವ ಕೆಲಸ ಒಪ್ಪಿಕೊಂಡಿದ್ದೆವಲ್ಲ, ಆಗ ಉರಿ ಸಾಲುತ್ತಿರಲಿಲ್ಲ. ಅರೆಸ್ಟರಿನ ಒಳಗಿನ ಜಾಲರಿಗೆ ಮಸಿ ಕಟ್ಟಿತ್ತು. ಹೊಸದು ಬರಲು ಹತ್ತು ದಿನ ಎಂದರು. ನೀನು ಊಟಕ್ಕೆ ಹೋದ ಹೊತ್ತಿನಲ್ಲಿ ಬಿಚ್ಚಿ, ಮೊಳೆಯಿಂದ ಜಾಲರಿ, ಬಿಲ್ಲೆ, ಸ್ಪ್ರಿಂಗು ಎಲ್ಲವನ್ನೂ ಕೆದಕಿ ತೆಗೆದು, ಬರಿಯ ಚಿಪ್ಪನ್ನು ರೆಗ್ಯುಲೇಟರಿನ ಬಾಯಿಗೆ ತಿರುಗಿಸಿ ಕೂರಿಸಿದೆ. ಉರಿ ಭೋರೆಂದಿತು. “ಅಕ್ಕನ ಕೈಗುಣ ನೋಡ್ರಪ್ಪಾ!” ಎಂದು ಮೇಸ್ತ್ರಿ ಕೂಗಿದ. ನಾನು ಹಿಗ್ಗಿದೆ. ತಪಾಸಣೆಗೆ ಬಂದವರು ಹೊರಗಿನ ಮುದ್ರೆ ನೋಡಿ ಸಹಿ ಹಾಕಿ ಹೋದರು. ಯಾರ ಹತ್ತಿರವೂ ಪಾಠ ಹೇಳಿಸಿಕೊಳ್ಳದೆ ಕಲಿತವಳೆಂಬ ಜಂಬ ಬೇರೆ ಇತ್ತಲ್ಲ ನನಗೆ.

ಆಮೇಲೆ ಪೈಪು ಸಿಡಿದದ್ದರ ಗುರುತು ನಿನ್ನ ಎಡಗೈ ಮೇಲೇ ಇದೆ. ಪೈಪಿನಲ್ಲಿ ಆಕ್ಸಿಜನ್ ಜೊತೆ ಬೆರೆತಿದ್ದ ಗ್ಯಾಸನ್ನು ಹೊರಬಿಡದೆ ಹಚ್ಚಿದೆ, ತಪ್ಪು ನನ್ನದೇ ಎಂದು ಆಸ್ಪತ್ರೆಯಲ್ಲಿ ನೀನು ಹೇಳಿದೆ. ಅಂಥ ಮರೆವು ಯಾರಿಗೂ ಆಗುತ್ತದೆ ಎಂದೇ ಆ ಸಾಧನ ಮಾಡಿರುವುದು. ಬಿಲ್ಲೆ ಇದ್ದಿದ್ದರೆ ಗ್ಯಾಸ್ ಹಿಂದಕ್ಕೆ ಹರಿದು ಬೆರೆಯುತ್ತಲೇ ಇರಲಿಲ್ಲ. ಬೆರೆತು ಪೈಪು ಸಿಡಿದಿದ್ದರೂ ಗ್ಯಾಸ್ ತಾನಾಗಿ ನಿಲ್ಲುತ್ತಿತ್ತು, ನಿನ್ನ ಕೈ ಹಾಗೆ ಬೇಯುತ್ತಿರಲಿಲ್ಲ. ಅರೆಸ್ಟರ್ ಇದ್ದದ್ದಕ್ಕೆ ಸಿಲಿಂಡರ್ ಉಳಿಯಿತು ಎಂದು ಯಾರೋ ಅಂದರು, ನೀನು ನಂಬಿದೆ, ನಾನು ತಲೆಯಾಡಿಸಿದೆ. ಹನ್ನೊಂದು ವರ್ಷದಲ್ಲಿ ಪೈಪು ಬದಲಾಯಿತು, ರೆಗ್ಯುಲೇಟರ್ ಬದಲಾಯಿತು. ಅವೆರಡನ್ನು ಮಾತ್ರ ಒರೆಸಿ ಒರೆಸಿ ಮತ್ತೆ ಹಾಕಿಕೊಂಡು ಬಂದೆ ನೀನು. ಕಣ್ಣು ಮಂಜಾಗಿ ಅಂಗಡಿ ನಿನಗೆ ಬಿಟ್ಟು ಬರುವಾಗಲಾದರೂ ಹೇಳಬೇಕಿತ್ತು. ಅಕ್ಕ ಎಂದರೆ ನೀನು ಎದ್ದು ನಿಲ್ಲುತ್ತೀಯಲ್ಲ, ಅದನ್ನು ಕಳೆದುಕೊಳ್ಳಲು ಮನಸ್ಸಾಗಲಿಲ್ಲ.

ಈಗ ಹೇಳಿದಷ್ಟು ಮಾಡು, ವಾದ ಬೇಡ. ಎರಡೂ ಸಿಲಿಂಡರ್ ಮುಚ್ಚು. ಪೈಪಿನಲ್ಲಿರುವುದನ್ನು ಬಯಲಿಗೆ ಬಿಡು. ಅವೆರಡನ್ನೂ ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿ, ಆಚೆಯ ಗೋಡೆ ಕಾಣುತ್ತದೆ. ಕಂಡ ಮೇಲೆ ನನ್ನನ್ನು ಎಷ್ಟು ಬೇಕಾದರೂ ಬೈ. ಆದರೆ ಅವನ್ನು ಮತ್ತೆ ಹಾಕಬೇಡ. ಶನಿವಾರ ಮೊದಲ ಬಸ್ಸಿಗೆ ಬರುತ್ತೇನೆ. ಹೊಸದು ನಾಲ್ಕು ತರುತ್ತೇನೆ, ಎರಡು ರೆಗ್ಯುಲೇಟರಿಗೆ, ಎರಡು ಟಾರ್ಚಿನ ಬುಡಕ್ಕೆ. ತಿರುಪು ಬಿಗಿ ಎಂದು ಎಣ್ಣೆ ಡಬ್ಬಿ ಹುಡುಕೀಯ, ಜೋಕೆ! ಆಕ್ಸಿಜನ್ ಹತ್ತಿರ ಒಂದು ಹನಿ ಎಣ್ಣೆಯೂ ಸುಳಿಯಕೂಡದು. ಸೋಪಿನ ನೀರು ಬಳಿದು, ಒಂದು ಗುಳ್ಳೆಯೂ ಏಳದಿದ್ದರೆ ನಮ್ಮ ಕಿಡಿಯೇ ಟಾರ್ಚ್ ಹಚ್ಚಲಿ. ಉರಿ ಸ್ವಲ್ಪ ಬಡವಾಗುತ್ತದೆ. ಆಗಲಿ. ಕೆಲಸ ಎರಡು ದಿನ ತಡವಾಗಲಿ.

ಇದರ ಇನ್ನೊಂದು ಪ್ರತಿಯನ್ನು ಕಿಡಿಯ ಹೆಸರಿಗೂ ಹಾಕಿದ್ದೇನೆ. ಕೇಳಿದವಳು ಅವಳು, ಉತ್ತರ ಅವಳಿಗೂ ಸಲ್ಲಬೇಕು. ಹಾಗಾಗಿ ಇದನ್ನು ಬಚ್ಚಿಟ್ಟು ನನ್ನ ಮಾನ ಕಾಯಲು ಹೋಗಬೇಡ. ಬಿಚ್ಚಿದೆ ಎಂಬ ಒಂದೇ ಸಾಲನ್ನಾದರೂ ನಾಳೆಯ ಬಸ್ಸಿಗೆ ಬರೆದು ಕಳಿಸು. ಮಾತು ಬಿಟ್ಟರೂ ಸರಿ, ಬರೆಯುವುದನ್ನು ಬಿಡಬೇಡ.

ನಿನ್ನನ್ನು ಎತ್ತಿ ಆಡಿಸಿದ
ಅಕ್ಕ

ಮರೆತಿದ್ದೆ: ಅವತ್ತು ನೀನು ಕಿರುಚುವ ಮೊದಲೇ ಸಿಲಿಂಡರ್ ಮುಚ್ಚಲು ಓಡಿದ ನನ್ನ ಧೈರ್ಯವನ್ನು ನೀನು ಈಗಲೂ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತೀಯಂತೆ. ಉಳಿದವರು ಅರೆಸ್ಟರ್ ತಡೆಯುತ್ತದೆ ಎಂದು ನಿಂತಲ್ಲೇ ನಿಂತಿದ್ದರು. ತಡೆಯಲು ಅಲ್ಲಿ ಏನೂ ಇಲ್ಲವೆಂದು ಗೊತ್ತಿದ್ದವಳು ನಾನೊಬ್ಬಳೇ. ಇನ್ನು ಮೇಲೆ ಆ ಕಥೆ ಹೇಳುವುದಾದರೆ ಪೂರ್ತಿ ಹೇಳು.