ನೆಲಮಾಳಿಗೆಯಿಂದ ನಾಲ್ಕು ಕ್ರೆಡಿಟ್

ಕಾಲೇಜು ಲೈಬ್ರರಿ, ನೆಲಮಾಳಿಗೆಯ ಬೈಂಡಿಂಗ್ ಕೋಣೆ
ಹದಿನಾಲ್ಕನೇ ತಾರೀಖು, ಶನಿವಾರ, ಮಧ್ಯಾಹ್ನದ ಬಿಡುವು

ಪ್ರೀತಿಯ ಚೂಟಿ,

ಹೇಗಿದ್ದೀಯೇ? ಕೆಮ್ಮು ಬಿಡ್ತಾ? ನಿನ್ನ ಸೋದರತ್ತೆಯನ್ನ ಕೇಳಿದ್ರೆ "ಚೆನ್ನಾಗಿದ್ದಾಳೆ, ಚೆನ್ನಾಗಿದ್ದಾಳೆ" ಅಂತಾರೆ. ಜ್ವರದಲ್ಲಿ ಗಡಗಡ ನಡುಗೋರನ್ನೂ ಚೆನ್ನಾಗಿದ್ದಾರೆ ಅನ್ನೋ ಹೆಂಗಸು ಅವರು, ನಾನು ನಂಬಲ್ಲ. ಕನ್ನಡಕದ ಅಂಗಡೀಲಿ ದಿನವಿಡೀ ನಿಂತೇ ಇರಬೇಕಂತಲ್ಲ, ಸಂಜೆ ಬಿಸಿನೀರಲ್ಲಿ ಕಾಲಿಟ್ಟುಕೊಂಡು ಸ್ವಲ್ಪ ಹೊತ್ತು ಕೂತ್ಕೋ. ನಾವಿಲ್ಲಿ ಆರಾಮವಾಗಿದ್ದೀವಿ. ನಿನ್ನಪ್ಪನ ಮಂಡಿನೋವು ಹಾಗೇ ಇದೆ, ಮಂಡಿನೋವಿನ ಬಗ್ಗೆ ಮಾತಾಡೋ ಉತ್ಸಾಹವೂ ಹಾಗೇ ಇದೆ.

ಇದನ್ನೆಲ್ಲ ಫೋನಲ್ಲೇ ಹೇಳಬಹುದಿತ್ತು. ಆದರೆ ನಾನು ಕಾಲೇಜು ಅಂತ ಬಾಯಿ ತೆಗೆದರೆ ಸಾಕು, "ಗಿರಾಕಿ ಬಂದ್ರು ಅಮ್ಮಾ" ಅಂತ ನೀನು ಫೋನ್ ಇಟ್ಟುಬಿಡ್ತೀಯ. ಎರಡು ವರ್ಷದಿಂದ ಅದೆಷ್ಟು ಗಿರಾಕಿಗಳೇ ತಾಯಿ ಆ ಅಂಗಡಿಗೆ! ಇಡೀ ಊರಿಗೇ ಕಣ್ಣು ಮಂಜಾಗಿದೆಯಾ? ಕಾಗದವಾದರೆ ಮಧ್ಯದಲ್ಲಿ ಕಟ್ ಮಾಡೋಕಾಗಲ್ಲ. ಅದಕ್ಕೇ ಬರೀತಿದ್ದೀನಿ, ಕೊನೇತನಕ ಓದು.

ಸಮಾಚಾರ ಏನಂದ್ರೆ, ನಿನ್ನಮ್ಮ ಪಾಸಾದಳು ಕಣೇ! ಬಯಾಲಜಿ ಪೇಪರು, ನೂರಕ್ಕೆ ಐವತ್ತೆಂಟು, ನಾಲ್ಕು ಕ್ರೆಡಿಟ್. ಬೆಳಿಗ್ಗೆ ನೋಟಿಸ್ ಬೋರ್ಡಿಗೆ ಹಾಕಿದ್ದಾರೆ. ನಾನು ಮೂರು ಸಲ ನೋಡಿಬಂದೆ. ಮೂರನೇ ಸಲ ಹೋದಾಗ ವಾಚ್‌ಮನ್ ನಗೋಕೆ ಶುರುಮಾಡಿದ. ಹೌದು, ನೀನು ನಾಲ್ಕು ಅಂಕದಲ್ಲಿ ಬಿದ್ದು ಚೀಲ ಕಟ್ಟಿಕೊಂಡು ಅತ್ತೆ ಮನೆಗೆ ಹೊರಟೆಯಲ್ಲ, ಅದೇ ಪೇಪರು. ಮುಖ ಊದಿಸ್ಕೋಬೇಡ. ನಿನ್ನ ಹಂಗಿಸೋಕೆ ನಾನು ಬರೆದಿದ್ದಲ್ಲ. ಕ್ಲಾಸಿಗೆ ಕೂರದೇ ಬರೀ ಪರೀಕ್ಷೆ ಬರೆದು ಕ್ರೆಡಿಟ್ ಗಳಿಸಬಹುದು ಅನ್ನೋ ಹೊಸ ನಿಯಮ ಈ ವರ್ಷ ಬಂದಿದೆ. ಕ್ಲಾಸಲ್ಲಿ ಕೂತು ಬಿದ್ದವರಿಗೂ ಉಂಟು. ಆದರೆ ಒಂದೇ ಒಂದು ಅವಕಾಶ, ಅದರಲ್ಲಿ ಬಿದ್ದರೆ ಆ ದಾರಿ ಮುಚ್ಚಿತು, ವರ್ಷಪೂರ್ತಿ ಹಗಲು ಕ್ಲಾಸಲ್ಲೇ ಕೂರಬೇಕು. ನೀನು ಮತ್ತೆ ಕಾಲೇಜಿಗೆ ಬರಬೇಕು ಅನ್ನೋದು ನನ್ನ ಒಂದೇ ಆಸೆ, ಅದು ನಿನಗೂ ಗೊತ್ತು. ಆದರೆ ನಾನು ಒಂದು ಪರೀಕ್ಷೇನೂ ಬರೆಯದೆ ನಿನಗೆ ಬರಿ ಬರಿ ಅಂದ್ರೆ ಯಾವ ಮುಖ ಇಟ್ಟುಕೊಂಡು ಹೇಳೋದು? ಅದಕ್ಕೇ ಮೊದಲು ನಾನೇ ಧುಮುಕಿದೆ. ಬಿದ್ದಿದ್ರೆ ನಿನಗೆ ಹೇಳೋ ಬಾಯೂ ಇರ್ತಿರಲಿಲ್ಲ, ಸಂಜೆ ಡಿಗ್ರಿ ಸೇರೋ ನನ್ನ ಕನಸೂ ಗೋವಿಂದ ಆಗ್ತಿತ್ತು.

ಹೇಗೆ ಓದಿದೆ ಅಂತೀಯಾ? ಹದಿನಾರು ವರ್ಷದಿಂದ ಈ ನೆಲಮಾಳಿಗೇಲಿ ಹರಿದ ಪುಸ್ತಕ ಹೊಲೀತಿದ್ದೀನಿ, ಮೇಲಿನ ಮಹಡಿಯಲ್ಲಿ ಏನೇನಿದೆ ಅಂತ ಈಗಲೇ ಗೊತ್ತಾಗಿದ್ದು ನೋಡು. ಲೈಬ್ರರಿ ಮೇಡಂ ನನ್ನ ಕೈಹಿಡಿದು ಒಂದೊಂದಾಗಿ ತೋರಿಸಿದ್ರು. ಕಂಪ್ಯೂಟರಲ್ಲಿ ಪುಸ್ತಕ ಹುಡುಕೋದು, ಮೀಸಲು ಕಪಾಟಿನ ಪುಸ್ತಕ ಬರೆಸಿ ತಗೊಂಡು ಅಲ್ಲೇ ಕೂತು ಓದೋದು, ನಾಲ್ಕು ಜನ ಸೇರಿ ಬಾಯ್ಬಿಟ್ಟು ಓದೋಕೆ ಅಂತಲೇ ಒಂದು ಗಾಜಿನ ಕೋಣೆ! ನಾನೊಬ್ಬಳೇ ಅಲ್ಲಿ ಕೂತು ಗಟ್ಟಿಯಾಗಿ ಓದಿಕೊಂಡೆ. ಹೊರಗೆ ಹೋಗೋ ಮಕ್ಕಳೆಲ್ಲ ಒಳಗೆ ಇಣುಕಿ ನೋಡೋರು, ನೋಡ್ಲಿ ಬಿಡು. ಹತ್ತು ವರ್ಷದ ಪ್ರಶ್ನೆಪತ್ರಿಕೆಗಳ ದಪ್ಪ ಕಟ್ಟು ಕೊಟ್ಟರು, ತಿರುಗಿಸಿ ನೋಡಿದ್ರೆ ನನ್ನದೇ ಹೊಲಿಗೆ! ಇಷ್ಟು ವರ್ಷ ಅದರ ಬೆನ್ನು ಮಾತ್ರ ನೋಡಿದ್ದೆ. ಮನೇಲಿ ನಿನ್ನಪ್ಪ ಮೇಷ್ಟ್ರಾದರು. ಒಲೆ ಮೇಲೆ ಹಾಲಿಟ್ಟು "ಹೃದಯಕ್ಕೆ ಎಷ್ಟು ಕೋಣೆ?" ಅಂತ ಕೇಳೋರು. ನಾನು ಯೋಚಿಸಿ ನಾಲ್ಕು ಅನ್ನೋವಷ್ಟರಲ್ಲಿ ಹಾಲು ಉಕ್ಕಿ ಒಲೆ ಪಾಲು. ಆ ತಿಂಗಳು ನಾವು ಹಾಲು ಕುಡಿದದ್ದಕ್ಕಿಂತ ಒರೆಸಿದ್ದೇ ಹೆಚ್ಚು.

ಪರೀಕ್ಷೆ ದಿನ ಅರ್ಧ ಗಂಟೆ ಮೊದಲೇ ಹೋದೆ. ಪಕ್ಕದಲ್ಲಿ ಕೂತವಳಿಗೆ ನಿನ್ನದೇ ವಯಸ್ಸು, ನನ್ನನ್ನ ಮೇಲ್ವಿಚಾರಕಿ ಅಂದುಕೊಂಡು ಎದ್ದು ನಿಂತು ನಮಸ್ಕಾರ ಮಾಡಿದಳು. ನಾನೂ ಗತ್ತಿನಿಂದ ಕೂತ್ಕೋಮ್ಮಾ ಅಂದು ಅವಳ ಪಕ್ಕದಲ್ಲೇ ಕೂತೆ. ಪಾಪ, ಅವಳ ಮುಖ ನೋಡಬೇಕಿತ್ತು! ಹತ್ತು ಅಂಕದ ದೊಡ್ಡ ಪ್ರಶ್ನೆ, ತಿಂದ ಆಹಾರ ಬಾಯಿಂದ ಶುರುವಾಗಿ ಎಲ್ಲೆಲ್ಲಿ ಹೋಗುತ್ತೆ, ಕ್ರಮವಾಗಿ ವಿವರಿಸಿ ಅಂತ. ನನಗೆ ಅಂಗೈ ಗೆರೆಯಷ್ಟು ಪರಿಚಯದ ಪಾಠ ಅದು. ಎರಡೂವರೆ ಪುಟ ಗೀಚಿದೆ.

ಬುಧವಾರ ಮೌಖಿಕ ಪರೀಕ್ಷೆ. ಬಯಾಲಜಿ ಮೇಷ್ಟ್ರು ನನ್ನ ಉತ್ತರಪತ್ರಿಕೆ ಮುಂದಿಟ್ಟುಕೊಂಡು ಕೂತಿದ್ರು. ತಲೆ ಎತ್ತಿ, ಬಹಳ ಮೆತ್ತಗೆ, "ಅಲ್ಲಮ್ಮಾ, ನಿಮ್ಮ ಹೊಟ್ಟೇಲಿ ಊಟ ಮೊದಲು ದೊಡ್ಡ ಕರುಳಿಗೆ ಹೋಗಿ, ಆಮೇಲೆ ಸಣ್ಣ ಕರುಳಿಗೆ ಬರುತ್ತಾ?" ಅಂದ್ರು. ಹೌದು ಸಾರ್ ಅಂದೆ, ಧೈರ್ಯವಾಗಿ. ಎಲ್ಲಿ ಓದಿದ್ರಿ ಅಂದ್ರು. ನಮ್ಮ ಲೈಬ್ರರಿ ಪುಸ್ತಕದಲ್ಲೇ ಸಾರ್, ನಾನೇ ಹೊಲಿದ ಪುಸ್ತಕ ಅಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮೂರು ವರ್ಷದಿಂದ ಪ್ರತಿ ಸಲ ನಾಲ್ಕೈದು ಜನ ಇದೇ ತಪ್ಪನ್ನ ಬರೀತಾರಂತೆ. ಕಾಪಿ ಹೊಡೀತಾರೆ ಅಂತ ಪರೀಕ್ಷಾ ಕೋಣೆಗೆ ಇಬ್ಬರು ಹೆಚ್ಚಿನ ಕಾವಲಿಗರನ್ನ ಹಾಕಿಸಿದ್ರಂತೆ ಪುಣ್ಯಾತ್ಮ! ಓಡಿಹೋಗಿ ಪುಸ್ತಕ ತಂದೆ. ಮೇಷ್ಟ್ರು ಪುಟ ತಿರುವಿದ್ರು, ನಾನೂ ಬಗ್ಗಿ ನೋಡಿದೆ. ದೊಡ್ಡ ಕರುಳಿನ ಪಾಠ ಮೊದಲು, ಸಣ್ಣ ಕರುಳಿನದು ಆಮೇಲೆ!

ನೋಡು, ಪುಸ್ತಕ ಅನ್ನೋದು ಹದಿನಾರು ಹದಿನಾರು ಪುಟಗಳ ಮಡಿಕೆಗಳು. ಅವನ್ನ ಒಂದರ ಮೇಲೊಂದು ಜೋಡಿಸಿ ಬೆನ್ನಿಗೆ ಹೊಲೀತೀನಿ. ಈ ಪುಸ್ತಕ ಮೂರು ವರ್ಷದ ಹಿಂದೆ ನನ್ನ ಹತ್ತಿರ ಬಂದಾಗ ಚಿಂದಿಚೂರಾಗಿತ್ತು, ಮೇಲಂಚೆಲ್ಲ ತೇವಕ್ಕೆ ಕೊಳೆತಿತ್ತು. ಅಂದವಾಗಿರಲಿ ಅಂತ ಮೊದಲು ಅಂಚು ಕತ್ತರಿಸಿದೆ. ಪುಟದ ಸಂಖ್ಯೆಗಳು ಆ ಅಂಚಲ್ಲೇ ಇದ್ದವು, ಕಸದ ಬುಟ್ಟಿಗೆ ಹೋದವು. ಆಮೇಲೆ ಅಂದಾಜಿನ ಮೇಲೆ ಜೋಡಿಸಿದೆ, ಸಣ್ಣ ಕರುಳಿನ ಮಡಿಕೆ ದೊಡ್ಡ ಕರುಳಿನ ಹಿಂದೆ ಹೋಗಿ ಕೂತಿತು. ಮೊದಲು ಜೋಡಿಸಿ ಆಮೇಲೆ ಕತ್ತರಿಸಬೇಕು ಅಂತ ಕೆಲಸಕ್ಕೆ ಸೇರಿದ ಮೊದಲ ದಿನವೇ ಹೇಳಿಕೊಟ್ಟಿದ್ರು ಕಣೇ! ಪುಸ್ತಕದೊಳಗೆ "ಹಿಂದಿನ ಭಾಗದಿಂದ ಬಂದ ಆಹಾರ" ಅಂತಿದೆ, ಯಾವ ಹಿಂದಿನದು ಅಂತ ಯಾರು ಕೇಳ್ತಾರೆ? ನಾನು ತಲೆ ಚಚ್ಚಿಕೊಂಡೆ. ಮೇಷ್ಟ್ರು ಮಾತ್ರ ನಗೋಕೆ ಶುರುಮಾಡಿದವರು ನಿಲ್ಲಿಸಲೇ ಇಲ್ಲ, ಕರವಸ್ತ್ರ ತೆಗೆದು ಕಣ್ಣು ಒರೆಸಿಕೊಂಡ್ರು. ಅವರನ್ನ ನೋಡಿ ನನಗೂ ತಡೆಯಲಾಗಲಿಲ್ಲ. ಹೊರಗೆ ಸರದಿಗೆ ಕೂತವರು ಇದೆಂಥ ಮೌಖಿಕ ಪರೀಕ್ಷೆ ಅಂದುಕೊಂಡ್ರೋ ಏನೋ. ಆದರೆ ಮೇಷ್ಟ್ರು ಖಡಕ್ಕು. ತಪ್ಪು ತಪ್ಪೇ ಅಂದು ಆ ಪ್ರಶ್ನೆಗೆ ಹತ್ತಕ್ಕೆ ಎರಡೇ ಕೊಟ್ಟರು, ಆ ಎರಡೂ ಅಕ್ಷರ ದುಂಡಗಿದೆ ಅಂತ. ಮಿಕ್ಕಿದ್ದರಲ್ಲಿ ಗೆದ್ದೆ.

ನಿನ್ನಪ್ಪನಿಗೆ ಹೇಳಿದಾಗ ಅವರಿಗೆ ಊಟ ಗಂಟಲಲ್ಲಿ ಸಿಕ್ಕಿಕೊಂಡಿತು. ನೀರು ಕುಡಿಸಿ ಬೆನ್ನು ತಟ್ಟಿದ ಮೇಲೆ, "ಈಗ ಇದು ಯಾವ ಕರುಳಿಗೆ ಹೋಗುತ್ತೆ ಅಂತ ನಿನ್ನನ್ನೇ ಕೇಳಬೇಕು" ಅಂದ್ರು. ಅವತ್ತಿಂದ ದಿನಕ್ಕೆರಡು ಸಲ ಅದೇ ಮಾತು. ನನಗೆ ಖುಷಿ ತಡೆಯೋಕಾಗ್ತಿಲ್ಲ ಕಣೇ, ಮೆಟ್ಟಿಲು ಹತ್ತುವಾಗಲೂ ಒಬ್ಬಳೇ ನಗ್ತೀನಿ. ಬಿಡುವು ಮುಗೀತಾ ಬಂತು, ಗೋಂದು ಆರಿಹೋಗುತ್ತೆ. ಅತ್ತೆಗೆ ನನ್ನ ನಮಸ್ಕಾರ ಹೇಳು, ಅವರ ಮಾತಿಗೆ ಎದುರಾಡಬೇಡ, ಆದರೆ ಅವರ ಕಷಾಯ ಮಾತ್ರ ಕುಡೀಬೇಡ. ಹೊಟ್ಟೆ ತುಂಬ ಉಣ್ಣು, ಕಣ್ಣು ತುಂಬ ನಿದ್ದೆ ಮಾಡು, ಎಲ್ಲೇ ಇದ್ದರೂ ಚೆನ್ನಾಗಿರು ಮಗಳೇ.

ನಾಲ್ಕು ಕ್ರೆಡಿಟ್‌ಗಳ ಒಡತಿ,
ನಿನ್ನ ಅಮ್ಮ

ಮರೆತ ಮಾತು: ಮರೆತದ್ದಲ್ಲ, ಇಷ್ಟುದ್ದ ಬರೆದರೂ ಇದನ್ನ ಬರೆಯೋಕೆ ಧೈರ್ಯ ಬರಲಿಲ್ಲ. ಆ ಪುಸ್ತಕದಲ್ಲಿ ಲೈಬ್ರರಿಯವರು ಮನೆಗೆ ಕೊಡೋದು ಇದೊಂದೇ ಪ್ರತಿ. ನೀನು ಪರೀಕ್ಷೆ ಬರೆದ ವರ್ಷ ಅದನ್ನ ನನ್ನ ಕಾರ್ಡಿನ ಮೇಲೆ ತಂದು ನಿನ್ನ ಕೈಗಿಟ್ಟವಳು ನಾನೇ. ನಿನ್ನೆ ಮೇಷ್ಟ್ರನ್ನ ಕಾಡಿಬೇಡಿ ನಿನ್ನ ಹಳೇ ಉತ್ತರಪತ್ರಿಕೆ ತೆಗೆಸಿ ನೋಡಿದೆ. ಅದೇ ಪ್ರಶ್ನೆ, ಅದೇ ಕ್ರಮ, ಹತ್ತಕ್ಕೆ ಎರಡು. ನಲವತ್ತಾರಕ್ಕೆ ಬಿದ್ದೆಯಲ್ಲ, ಆ ಎಂಟು ಅಂಕ ತಿಂದದ್ದು ನನ್ನ ಸೂಜಿ. ಪುಸ್ತಕ ಮನೆಗೇ ತಂದುಕೊಟ್ಟರೂ ಓದದವಳು ಅಂತ ಅವತ್ತು ನಿನಗೆ ಅಂದೆ. ನೀನು ಸರಿಯಾಗೇ ಓದಿದ್ದೆ ಚೂಟಿ, ಅಕ್ಷರ ಅಕ್ಷರವೂ ಓದಿದ್ದೆ. ಅಮ್ಮನ ತಪ್ಪು, ಕ್ಷಮಿಸು. ಹಳೇ ಅಂಕ ಬದಲಾಯಿಸೋಕೆ ನಿಯಮ ಇಲ್ಲವಂತೆ, ಆದರೆ ನಿನ್ನ ಉಳಿದ ಕ್ರೆಡಿಟ್‌ಗಳೆಲ್ಲ ಇನ್ನೂ ಒಂದು ವರ್ಷ ಜೀವಂತವಾಗಿವೆ, ಇದೊಂದು ಬರೆದರೆ ಸಾಕು. ಅರ್ಜಿ ತುಂಬಿಸಿ ಇದರ ಜೊತೆ ಇಟ್ಟಿದ್ದೀನಿ. ಸಹಿ ಹಾಕಿ ಸೋಮವಾರದ ಟಪಾಲಿಗೇ ಕಳಿಸು. ಗಿರಾಕಿಗಳು ಐದು ನಿಮಿಷ ಕಾಯಲಿ.